ಒಂದು ಬಾಟಲಿ ಪೆಟ್ರೋಲಿನ ಪ್ರಶ್ನೆ: ಯೂಜೀನ್ ಹೂಡ್ರಿ ಅವರ ಜೀವನ

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಸಮಿತಿಯವರು ಮನೆಗೆ ಬಂದಾಗ, ನಾನು ಶಾಲೆಯ ಹಳೆಯ ದಿನಗಳ ಬಗ್ಗೆ ಬರೆಯುತ್ತೇನೆಂದೇ ಅವರು ತಿಳಿದಿದ್ದರು. ಹಳೆಯ ದಿನಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲ ಹಿರಿಯರು ಊರಲ್ಲಿದ್ದಾರೆ. ನಾನು ಇಲ್ಲಿ ಬರೆಯಹೊರಟಿರುವುದು ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ತೀರಿಕೊಂಡ, ಹಾವೇರಿಯ ಹೆಸರನ್ನೇ ಕೇಳಿರದ ಒಬ್ಬ ಎಂಜಿನಿಯರರ ಕಥೆ. ಇದಕ್ಕೊಂದು ಕಾರಣವಿದೆ. ಈ ಶಾಲೆಯ ಒಬ್ಬ ವಿದ್ಯಾರ್ಥಿಗೆ ನಾನು ಒಂದು ಉತ್ತರ ಕೊಡುವುದು ಬಾಕಿ ಉಳಿದಿದೆ.

ಅದು 1980ರ ದಶಕದ ಕೊನೆ. ನಾನು ಇಲ್ಲಿ ವಿಜ್ಞಾನ ಶಿಕ್ಷಕನಾಗಿ ಸೇರಿ ಎರಡು ಮೂರು ವರ್ಷವಾಗಿತ್ತು. ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮುಂಜಾನೆ, ಸಂಜೆ ಹೆದ್ದಾರಿ ಬದಿಯ ಒಂದು ಪಂಕ್ಚರ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಆ ಅಂಗಡಿಯಲ್ಲಿ ಲೂನಾ, ಸ್ಕೂಟರ್ ಸವಾರರಿಗೆ ಬಾಟಲಿಯಲ್ಲಿ ಪೆಟ್ರೋಲ್ ಅಳೆದು ಮಾರುತ್ತಿದ್ದರು. ಅವನು ಹತ್ತಿರ ಬಂದರೆ ಅಂಗಿಯಿಂದ ಪೆಟ್ರೋಲಿನ ವಾಸನೆ ಬರುತ್ತಿತ್ತು.

ಅಂದು ನಾನು ಕಲ್ಲೆಣ್ಣೆಯ ಆಂಶಿಕ ಆಸವನದ ಪಾಠ ಮಾಡುತ್ತಿದ್ದೆ. ಕಪ್ಪು ಹಲಗೆಯ ಮೇಲೆ ಎತ್ತರದ ಗೋಪುರ ಬರೆದು, ಮೇಲಿನಿಂದ ಗ್ಯಾಸು, ಅದರ ಕೆಳಗೆ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್, ತಳದಲ್ಲಿ ಡಾಂಬರು ಎಂದು ಗುರುತಿಸಿ, ನೂರು ಪಾಲು ಕಚ್ಚಾ ಎಣ್ಣೆಯಲ್ಲಿ ಪೆಟ್ರೋಲು ಸುಮಾರು ಇಪ್ಪತ್ತು ಪಾಲು ಎಂದು ಹೇಳಿದೆ. ಆ ಹುಡುಗ ಎದ್ದು ನಿಂತ. ಹಾಗಾದರೆ ತಾನು ಮಾರುವ ಒಂದು ಬಾಟಲಿ ಪೆಟ್ರೋಲಿಗೆ ನಾಲ್ಕು ಬಾಟಲಿ ಬೇರೆ ಎಣ್ಣೆ ಉಳಿಯಬೇಕು. ವರ್ಷದಿಂದ ವರ್ಷಕ್ಕೆ ಗಾಡಿಗಳು ಹೆಚ್ಚುತ್ತಲೇ ಇವೆ. ತಳದಲ್ಲಿ ಉಳಿಯುವ ಅಷ್ಟೊಂದು ಕಪ್ಪು ಎಣ್ಣೆಯನ್ನು ಯಾರು ಕೊಳ್ಳುತ್ತಾರೆ, ಅದನ್ನು ಎಲ್ಲಿಗೆ ಹಾಕುತ್ತಾರೆ ಎಂದು ಕೇಳಿದ. ಅಂಗಡಿಯ ಲೆಕ್ಕ ಬಲ್ಲವನ ಪ್ರಶ್ನೆ ಅದು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಧೈರ್ಯವೂ ಆ ವಯಸ್ಸಿನಲ್ಲಿ ಇರಲಿಲ್ಲ. ಇದು ಪರೀಕ್ಷೆಗೆ ಬರುವುದಿಲ್ಲ, ಕೂಡು ಎಂದುಬಿಟ್ಟೆ. ತರಗತಿ ನಕ್ಕಿತು, ಅವನು ಕೂತ. ಆಮೇಲೆ ಅವನು ಪ್ರಶ್ನೆ ಕೇಳಿದ ನೆನಪು ನನಗಿಲ್ಲ. ಆ ವರ್ಷ ಎಸ್‌ಎಸ್‌ಎಲ್‌ಸಿಯಲ್ಲಿ ಪಾಸಾಗಲಿಲ್ಲ. ಬ್ಯಾಡಗಿಯಿಂದ ಮೆಣಸಿನಕಾಯಿ ಚೀಲ ಹೊತ್ತು ಹೋಗುವ ಒಂದು ಲಾರಿಗೆ ಕ್ಲೀನರ್ ಆಗಿ ಹೋದನೆಂದು ಕೇಳಿದೆ.

ನಿವೃತ್ತಿಯಾದ ಮೇಲೆ ಸಂಬಂಧಿಕರ ಮದುವೆಗೆಂದು ಮಂಗಳೂರಿಗೆ ಹೋಗಿದ್ದೆ. ರಾತ್ರಿ ಸುರತ್ಕಲ್ ಕಡೆಯಿಂದ ಬರುವಾಗ ಆಕಾಶದಲ್ಲಿ ಎತ್ತರದ ಕೊಳವೆಯ ತುದಿಗೆ ಒಂದು ಜ್ವಾಲೆ ಉರಿಯುತ್ತಿತ್ತು. ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರದ ಜ್ವಾಲೆಯೆಂದು ಜೊತೆಗಿದ್ದವರು ಹೇಳಿದರು. ಇಪ್ಪತ್ತೈದು ವರ್ಷಗಳ ಹಿಂದಿನ ಆ ಹುಡುಗನ ಪ್ರಶ್ನೆ ಅಲ್ಲೇ ನೆನಪಾಯಿತು. ಊರಿಗೆ ಬಂದವನೇ ಎಂಜಿನಿಯರ್ ಆಗಿರುವ ಇನ್ನೊಬ್ಬ ಹಳೆಯ ವಿದ್ಯಾರ್ಥಿಗೆ ಫೋನ್ ಮಾಡಿ ಕೇಳಿದೆ. ಅವನು ವಿವರಿಸಿ, ಓದಲು ಒಂದು ಹೆಸರನ್ನೂ ಕೊಟ್ಟ. ಆ ಹೆಸರೇ ಯೂಜೀನ್ ಹೂಡ್ರಿ.

ಹೂಡ್ರಿ ಹುಟ್ಟಿದ್ದು 1892ರ ಏಪ್ರಿಲ್ 18ರಂದು, ಪ್ಯಾರಿಸ್ ಹತ್ತಿರದ ದೊಮೊಂ ಎಂಬ ಊರಿನಲ್ಲಿ. ತಂದೆಗೆ ಉಕ್ಕಿನ ಕೆಲಸದ ಕಾರ್ಖಾನೆ ಇತ್ತು. ಮಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ 1911ರಲ್ಲಿ ತರಗತಿಗೆ ಮೊದಲಿಗನಾಗಿ, ಚಿನ್ನದ ಪದಕದೊಂದಿಗೆ ಹೊರಬಂದ. ಓದಿನಲ್ಲಷ್ಟೇ ಅಲ್ಲ, ಆಟದಲ್ಲೂ ಮುಂದು. ಕಾಲೇಜಿನ ಫುಟ್‌ಬಾಲ್ ತಂಡದ ನಾಯಕನಾಗಿದ್ದ. ಆಟಕ್ಕೂ ಓದಿಗೂ ಆಗಿಬರುವುದಿಲ್ಲವೆಂದು ಮಕ್ಕಳನ್ನು ಗದರಿಸುವ ಪಾಲಕರು ಇದನ್ನು ಗಮನಿಸಬೇಕು.

ಓದು ಮುಗಿಸಿ ತಂದೆಯ ಕಾರ್ಖಾನೆ ಸೇರಿದ ಕೆಲವೇ ವರ್ಷಗಳಲ್ಲಿ ಮೊದಲ ಮಹಾಯುದ್ಧ ಬಂತು. ಹೂಡ್ರಿ ಸೈನ್ಯಕ್ಕೆ ಹೋಗಿ ಟ್ಯಾಂಕ್ ದಳದಲ್ಲಿ ಕೆಲಸ ಮಾಡಿದರು. 1917ರಲ್ಲಿ ಜುವಿನ್‌ಕೂರ್ ಎಂಬಲ್ಲಿ ಫ್ರಾನ್ಸಿನ ಟ್ಯಾಂಕುಗಳು ಮೊದಲ ಬಾರಿಗೆ ರಣರಂಗಕ್ಕಿಳಿದವು. ಕೆಟ್ಟುನಿಂತ ಟ್ಯಾಂಕುಗಳನ್ನು ಗುಂಡಿನ ಸುರಿಮಳೆಯ ನಡುವೆಯೇ ದುರಸ್ತಿ ಮಾಡಿಸುತ್ತ ಹೂಡ್ರಿ ತೀವ್ರವಾಗಿ ಗಾಯಗೊಂಡರು. ಆ ಸಾಹಸಕ್ಕೆ ಫ್ರಾನ್ಸ್ ಸರ್ಕಾರ ಅವರಿಗೆ ಉನ್ನತ ಗೌರವಗಳನ್ನು ಕೊಟ್ಟಿತು.

ಯುದ್ಧ ಮುಗಿದ ಮೇಲೆ ಅವರಿಗೆ ಹತ್ತಿದ್ದು ಕಾರ್ ಓಟದ ಹುಚ್ಚು. 1920ರ ದಶಕದ ಆರಂಭದಲ್ಲಿ ಅಮೆರಿಕಕ್ಕೆ ಹೋಗಿ ಇಂಡಿಯಾನಾಪೊಲಿಸ್‌ನ ಪ್ರಸಿದ್ಧ ಓಟವನ್ನೂ ಫೋರ್ಡ್ ಕಾರಿನ ಕಾರ್ಖಾನೆಯನ್ನೂ ನೋಡಿ ಬಂದರು. ಎಂಜಿನ್ನುಗಳು ದಿನೇದಿನೇ ಬಲಗೊಳ್ಳುತ್ತಿದ್ದವು. ಅವಕ್ಕೆ ತಕ್ಕ ಪೆಟ್ರೋಲ್ ಇರಲಿಲ್ಲ. ಆಗಿನ ಪೆಟ್ರೋಲು ಬಲವಾದ ಎಂಜಿನ್ನಿನೊಳಗೆ ಹೊತ್ತಿಗೆ ಮೊದಲೇ ಸಿಡಿದು ಕಟಕಟ ಬಡಿಯುತ್ತಿತ್ತು. ಇದಕ್ಕೆ ನಾಕಿಂಗ್ ಎನ್ನುತ್ತಾರೆ. ಇದರ ಜೊತೆಗೆ ಫ್ರಾನ್ಸಿಗೆ ಇನ್ನೊಂದು ಚಿಂತೆ. ಯುದ್ಧದ ಕಾಲದಲ್ಲಿ ಪೆಟ್ರೋಲ್ ಇಲ್ಲದೆ ಸೈನ್ಯವೇ ನಿಲ್ಲುವ ಪರಿಸ್ಥಿತಿ ಬರಬಹುದೆಂದು ಆ ದೇಶ ಕಂಡುಕೊಂಡಿತ್ತು. ಅಲ್ಲಿ ಎಣ್ಣೆಯ ಬಾವಿಗಳು ತೀರ ಕಡಿಮೆ, ಆದರೆ ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲು ಇದೆ. ಅದರಿಂದ ಪೆಟ್ರೋಲ್ ಮಾಡಲು ಸಾಧ್ಯವೆಂದು ನೀಸ್ ನಗರದ ಒಬ್ಬ ರಸಾಯನಶಾಸ್ತ್ರಜ್ಞ ಹೇಳುತ್ತಿರುವುದು ಹೂಡ್ರಿ ಅವರ ಕಿವಿಗೆ ಬಿತ್ತು. ಉಕ್ಕಿನ ವ್ಯಾಪಾರ ಬಿಟ್ಟು ಈ ಕೆಲಸಕ್ಕೆ ಇಳಿದರು.

1929ರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ದಿನಕ್ಕೆ 60 ಟನ್ ಲಿಗ್ನೈಟ್ ಅರೆಯುವ ಘಟಕ ಶುರುವಾಯಿತು. ಪೆಟ್ರೋಲ್ ಬಂತು, ಆದರೆ ಖರ್ಚು ಮೈಮೇಲೆ ಬಂತು. ಸರ್ಕಾರ ಸಹಾಯಧನ ನಿರಾಕರಿಸಿತು. ಅದೇ ವರ್ಷ ಘಟಕಕ್ಕೆ ಬೀಗ ಬಿತ್ತು. ಸ್ವಂತ ಕಾರ್ಖಾನೆಯ ನೆರಳಿನಲ್ಲಿ ಸುಖವಾಗಿರಬಹುದಾಗಿದ್ದ ಮನುಷ್ಯ 37ನೆಯ ವಯಸ್ಸಿನಲ್ಲಿ ಕೈ ಬರಿದು ಮಾಡಿಕೊಂಡು ನಿಂತಿದ್ದರು.

ಆದರೆ ಬಿದ್ದ ಆ ಕೆಲಸದೊಳಗೆ ಒಂದು ಬೀಜ ಉಳಿದಿತ್ತು. ಅದನ್ನು ತಿಳಿಯಲು ನಮ್ಮ ಹುಡುಗನ ಪ್ರಶ್ನೆಗೆ ಸ್ವಲ್ಪ ಹಿಂದಿರುಗಬೇಕು.

ಕಲ್ಲೆಣ್ಣೆಯೆಂದರೆ ಇಂಗಾಲ ಮತ್ತು ಜಲಜನಕದ ಸರಪಳಿಗಳ ಗುಂಪು. ಪೆಟ್ರೋಲಿನ ಸರಪಳಿ ಚಿಕ್ಕದು. ಐದರಿಂದ ಹನ್ನೆರಡರಷ್ಟು ಇಂಗಾಲದ ಕೊಂಡಿಗಳು. ತಳದ ದಪ್ಪ ಎಣ್ಣೆಯಲ್ಲಿ ಇಪ್ಪತ್ತು, ಮೂವತ್ತು, ನಲವತ್ತು ಕೊಂಡಿಗಳ ಉದ್ದನೆಯ ಸರಪಳಿಗಳಿರುತ್ತವೆ. ಗೋಪುರದಲ್ಲಿ ಕಾಯಿಸಿ ಬೇರ್ಪಡಿಸುವುದರಿಂದ ಇದ್ದದ್ದು ಬೇರೆಯಾಗುತ್ತದೆಯೇ ಹೊರತು ಪೆಟ್ರೋಲಿನ ಪಾಲು ಹೆಚ್ಚುವುದಿಲ್ಲ. ಹೆಚ್ಚಬೇಕಾದರೆ ಉದ್ದನೆಯ ಸರಪಳಿಗಳನ್ನು ಮುರಿಯಬೇಕು. ಮುರಿಯುವುದಕ್ಕೆ ಇಂಗ್ಲಿಷಿನಲ್ಲಿ ಕ್ರ್ಯಾಕಿಂಗ್ ಎನ್ನುತ್ತಾರೆ. ಅಮೆರಿಕದಲ್ಲಿ 1913ರಿಂದಲೇ ಬರೀ ಶಾಖ ಮತ್ತು ಒತ್ತಡದಿಂದ ಮುರಿಯುತ್ತಿದ್ದರು. ಅದು ದಿಮ್ಮಿಯನ್ನು ಕಂಡಕಂಡಲ್ಲಿ ಕೊಡಲಿಯಿಂದ ಹೊಡೆದ ಹಾಗೆ. ಸೌದೆಯೇನೋ ಆಗುತ್ತದೆ, ಸೀಳು ನೆಟ್ಟಗಿರುವುದಿಲ್ಲ. ಹಾಗೆ ಬಂದ ಪೆಟ್ರೋಲು ಬಲವಾದ ಎಂಜಿನ್ನಿಗೆ ಸಾಲುತ್ತಿರಲಿಲ್ಲ.

ಕಟ್ಟಿಗೆ ಒಡೆಯುವುದರಲ್ಲಿ ಪಳಗಿದವನು ಎಳೆ ನೋಡಿ ಏಟು ಹಾಕುತ್ತಾನೆ. ಕ್ರಿಯಾವರ್ಧಕದ ಕೆಲಸ ಅಂಥದ್ದು. ತಾನು ಖರ್ಚಾಗದೆ, ಸರಪಳಿ ಎಲ್ಲಿ ಮುರಿಯಬೇಕು, ಮುರಿದ ತುಂಡು ಹೇಗೆ ಮರುಜೋಡಣೆಯಾಗಬೇಕು ಎಂಬುದಕ್ಕೆ ದಾರಿ ಮಾಡಿಕೊಡುತ್ತದೆ. ಅದರಿಂದ ಬರುವ ಪೆಟ್ರೋಲು ನಾಕಿಂಗ್ ತಡೆಯುತ್ತದೆ. ಹೂಡ್ರಿ ನೂರಾರು ವಸ್ತುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. 1927ರಲ್ಲಿ ಅವರಿಗೆ ಒಲಿದದ್ದು ಒಂದು ಬಗೆಯ ಜೇಡಿಮಣ್ಣು. ಸಿಲಿಕಾ ಮತ್ತು ಅಲ್ಯುಮಿನಾ ಸೇರಿದ, ಆಮ್ಲದಲ್ಲಿ ಸಂಸ್ಕರಿಸಿದ ಮಣ್ಣು. ಮುಖ್ಯವಾಗಿ ಅದು ಮಾಂಟ್‌ಮೊರಿಲ್ಲೊನೈಟ್ ಜಾತಿಯ ಜೇಡಿ. ರಾಣೇಬೆನ್ನೂರಿನ ಸುತ್ತಮುತ್ತಲ ಎರೆ ಹೊಲಗಳು ಮಳೆಗಾಲದಲ್ಲಿ ಉಬ್ಬಿ, ಬೇಸಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುವುದೂ ಇದೇ ಜಾತಿಯ ಜೇಡಿಯ ಗುಣದಿಂದ. ಇದನ್ನು ಓದಿದ ದಿನ ನಾನು ಹೊಲಕ್ಕೆ ಹೋಗಿ ಒಂದು ಹೆಂಟೆ ಎತ್ತಿ ನೋಡಿದೆ. ಆ ಮಣ್ಣಿನ ಮೇಲೆಯೇ ನಿಂತು ಮೂವತ್ತು ವರ್ಷ ಪಾಠ ಮಾಡಿದ್ದೆ.

ಮಣ್ಣು ಸಿಕ್ಕಿದರೂ ಕಷ್ಟ ಮುಗಿಯಲಿಲ್ಲ. ಕಾದ ಎಣ್ಣೆಯ ಹಬೆ ಹಾಯುತ್ತಿದ್ದಂತೆ ಸರಪಳಿ ಮುರಿಯುವಾಗಲೇ ಒಂದಿಷ್ಟು ಇಂಗಾಲ ಮಸಿಯಾಗಿ ಕ್ರಿಯಾವರ್ಧಕದ ಮೇಲೆ ಕೂರುತ್ತದೆ. ಇದನ್ನು ಕೋಕ್ ಎನ್ನುತ್ತಾರೆ. ಹತ್ತು ನಿಮಿಷದೊಳಗೆ ಎಲ್ಲ ಕಪ್ಪಾಗಿ ಕೆಲಸ ನಿಂತುಬಿಡುತ್ತದೆ. ಹತ್ತು ನಿಮಿಷಕ್ಕೊಮ್ಮೆ ಹೊಸ ಕ್ರಿಯಾವರ್ಧಕ ಹಾಕುತ್ತ ಹೋದರೆ ಯಾವ ಕಾರ್ಖಾನೆಯೂ ಉಳಿಯದು. ಬೇರೆಯವರು ಅದಕ್ಕೆ ಮೊದಲೇ ಅಲ್ಯೂಮಿನಿಯಂ ಕ್ಲೋರೈಡ್ ಎಂಬ ಲವಣದಿಂದ ಎಣ್ಣೆ ಮುರಿದು ನೋಡಿದ್ದರು. ಒಮ್ಮೆ ಬಳಸಿದ್ದನ್ನು ಮರಳಿ ಪಡೆಯಲಾಗದೆ ಅದು ದುಬಾರಿಯಾಗಿತ್ತು.

ಹೂಡ್ರಿ ಅವರ ನಿಜವಾದ ದೊಡ್ಡತನ ಇರುವುದು ಇಲ್ಲಿ ಎಂದು ನನ್ನ ಅನಿಸಿಕೆ. ಕಪ್ಪಾದದ್ದನ್ನು ಎಸೆಯಬೇಕಿಲ್ಲ, ಅದೇ ಪಾತ್ರೆಯಲ್ಲಿ ಬಿಸಿ ಗಾಳಿ ಹಾಯಿಸಿ ಮಸಿಯನ್ನು ಸುಟ್ಟುಬಿಟ್ಟರೆ ಮಣ್ಣು ಮತ್ತೆ ಹೊಸದರಂತೆ ಆಗುತ್ತದೆ ಎಂದು ಅವರು ತೋರಿಸಿದರು. ಒಂದೇ ಬಗೆಯ ಹಲವು ಪಾತ್ರೆಗಳನ್ನು ಸಾಲಾಗಿ ಇಟ್ಟರು. ಒಂದರಲ್ಲಿ ಎಣ್ಣೆ ಮುರಿಯುತ್ತಿದ್ದರೆ ಇನ್ನೊಂದರಲ್ಲಿ ಉಳಿದ ಹಬೆಯನ್ನು ಹೊರಹಾಕುವುದು, ಮತ್ತೊಂದರಲ್ಲಿ ಮಸಿ ಸುಡುವುದು. ನಿಗದಿತ ನಿಮಿಷಕ್ಕೆ ಕವಾಟಗಳು ತಾವಾಗಿ ತಿರುಗಿ ಪಾಳಿ ಬದಲಾಗುವುದು. ಮಸಿ ಉರಿದಾಗ ಬರುವ ಶಾಖವೂ ವ್ಯರ್ಥವಲ್ಲ, ಎಣ್ಣೆ ಮುರಿಯುವ ಕೆಲಸಕ್ಕೇ ಅದು ಬೇಕು. ಇದು ರಸಾಯನಶಾಸ್ತ್ರಜ್ಞನ ಬುದ್ಧಿಗಿಂತ ಹೆಚ್ಚಾಗಿ, ಕೆಟ್ಟ ಟ್ಯಾಂಕನ್ನು ಅಲ್ಲೇ ದುರಸ್ತಿ ಮಾಡಿ ಮತ್ತೆ ಓಡಿಸಿದ ಮೆಕ್ಯಾನಿಕ್‌ನ ಬುದ್ಧಿ.

ಫ್ರಾನ್ಸಿನಲ್ಲಿ ಸಿಗದ ನೆರವು ಅಮೆರಿಕದಿಂದ ಬಂತು. 1930ರಲ್ಲಿ ವ್ಯಾಕ್ಯೂಮ್ ಆಯಿಲ್ ಎಂಬ ಕಂಪನಿ ಅವರನ್ನು ಕರೆಸಿಕೊಂಡಿತು. ಆದರೆ ಅದು ಜಗತ್ತಿನ ಮಹಾ ಆರ್ಥಿಕ ಕುಸಿತದ ಕಾಲ. ಕೆಲಸ ಮತ್ತೆ ತೆವಳಿತು. 1933ರಲ್ಲಿ ಸನ್ ಆಯಿಲ್ ಕಂಪನಿ ಕೈಗೂಡಿಸಿತು. 1936ರಲ್ಲಿ ನ್ಯೂಜೆರ್ಸಿಯ ಪಾಲ್ಸ್‌ಬರೋದಲ್ಲಿ ಮೊದಲ ಘಟಕ, 1937ರಲ್ಲಿ ಪೆನ್ಸಿಲ್ವೇನಿಯಾದ ಮಾರ್ಕಸ್ ಹುಕ್‌ನಲ್ಲಿ ದೊಡ್ಡ ಘಟಕ ಶುರುವಾದವು. ಅಲ್ಲಿ ಹಾಕಿದ ದಪ್ಪ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಉತ್ತಮ ದರ್ಜೆಯ ಪೆಟ್ರೋಲಾಗಿ ಬಂತು. ಮಣ್ಣು ಸಿಕ್ಕಿದ ದಿನದಿಂದ ಅದು ಕಾರ್ಖಾನೆಯಾಗಿ ನಿಲ್ಲಲು ಹತ್ತು ವರ್ಷ ಹಿಡಿದಿತ್ತು.

ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳಿಗೆ ಬೇಕಾದ ಉನ್ನತ ದರ್ಜೆಯ ಇಂಧನ ತಯಾರಿಸುವಲ್ಲಿ ಹೂಡ್ರಿ ಘಟಕಗಳು ದೊಡ್ಡ ಪಾತ್ರ ವಹಿಸಿದವು. ತಾಯ್ನಾಡು ಜರ್ಮನರ ಕೈಗೆ ಬಿದ್ದಾಗ ಹೂಡ್ರಿ ಸುಮ್ಮನೆ ಕೂರಲಿಲ್ಲ. ಅಮೆರಿಕದಲ್ಲಿದ್ದುಕೊಂಡೇ ಫ್ರಾನ್ಸ್ ಫಾರೆವರ್ ಎಂಬ ಸಂಘಟನೆಯ ಮುಂದಾಳಾಗಿ ದ ಗಾಲ್ ಅವರ ಪರ ದುಡಿದರು. ಅದಕ್ಕಾಗಿ ವಿಶಿ ಸರ್ಕಾರ 1941ರಲ್ಲಿ ಅವರ ಪೌರತ್ವವನ್ನು ಕಿತ್ತುಕೊಂಡಿತು. ದೇಶಕ್ಕಾಗಿ ರಕ್ತ ಸುರಿಸಿದ್ದವರು ದೇಶವಿಲ್ಲದವರಾದರು. 1942ರಲ್ಲಿ ಅಮೆರಿಕದ ಪ್ರಜೆಯಾದರು.

ಅದೇ 1942ರಲ್ಲಿ ಇನ್ನೊಂದು ಘಟನೆ ನಡೆಯಿತು. ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಬೇರೊಂದು ಕಂಪನಿಯವರು ಹೂಡ್ರಿ ಅವರ ದಾರಿಯನ್ನೇ ಮುಂದೆ ಒಯ್ದು ಹೊಸ ಬಗೆಯ ಘಟಕ ಕಟ್ಟಿದರು. ಅದರಲ್ಲಿ ಕ್ರಿಯಾವರ್ಧಕ ಒಂದೆಡೆ ಕೂರುವುದಿಲ್ಲ. ನುಣ್ಣನೆಯ ಪುಡಿಯಾಗಿ, ಹಬೆ ಮತ್ತು ಗಾಳಿಯ ರಭಸಕ್ಕೆ ನೀರಿನಂತೆ ಹರಿಯುತ್ತದೆ. ಒಂದು ಕೊಳವೆಯಲ್ಲಿ ಎಣ್ಣೆಯ ಜೊತೆ 500 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖದಲ್ಲಿ ಮೇಲೇರಿ ಕೆಲವೇ ಸೆಕೆಂಡುಗಳಲ್ಲಿ ಸರಪಳಿ ಮುರಿದು, ಕಪ್ಪಾದ ಪುಡಿ ಇನ್ನೊಂದು ಪಾತ್ರೆಗೆ ಇಳಿದು, ಅಲ್ಲಿ ಸುಮಾರು 700 ಡಿಗ್ರಿಯಲ್ಲಿ ಮಸಿ ಸುಟ್ಟುಕೊಂಡು, ಮತ್ತೆ ಮೊದಲಿನ ಕೊಳವೆಗೆ ಬರುತ್ತದೆ. ನಿಲ್ಲಿಸಿ ಪಾಳಿ ಬದಲಿಸುವ ಮಾತೇ ಇಲ್ಲ. ಈ ವಿಧಾನ ಹೂಡ್ರಿ ಅವರ ಘಟಕಗಳನ್ನು ಹಿಂದಿಕ್ಕಿತು. ಇಂದು ಜಗತ್ತಿನ ದೊಡ್ಡ ಶುದ್ಧೀಕರಣಾಗಾರಗಳಲ್ಲಿ ಇರುವುದು ಇದೇ. ಆದರೂ ಕಪ್ಪಾದದ್ದನ್ನು ಸುಟ್ಟು ಮತ್ತೆ ಬಳಸುವ ಮೂಲ ಪಾಠ ಅವರದೇ.

1996ರಲ್ಲಿ ಉತ್ಪಾದನೆ ಆರಂಭಿಸಿದ ನಮ್ಮ ಮಂಗಳೂರಿನ ಶುದ್ಧೀಕರಣಾಗಾರದಲ್ಲಿ ಮೊದಲು ಜಲಜನಕದ ಜೊತೆಗೆ ದಪ್ಪ ಎಣ್ಣೆ ಮುರಿಯುವ ಹೈಡ್ರೋಕ್ರ್ಯಾಕರ್ ಇತ್ತು. ಪುಡಿ ಹರಿಯುವ ಬಗೆಯ ಘಟಕ 2010ರ ದಶಕದ ವಿಸ್ತರಣೆಯಲ್ಲಿ ಬಂತು. ಇಂಥ ಘಟಕದಿಂದ ಪೆಟ್ರೋಲ್ ಮಾತ್ರ ಬರುವುದಿಲ್ಲ. ಅಡುಗೆ ಅನಿಲ ಬರುತ್ತದೆ. ಪ್ರೊಪಿಲೀನ್ ಎಂಬ ಅನಿಲ ಬರುತ್ತದೆ; ಅದರಿಂದ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಮಾಡುತ್ತಾರೆ. ಯೂರಿಯಾ ಗೊಬ್ಬರ ತುಂಬಿ ಬರುವ ಬಿಳಿ ನೇಯ್ಗೆಯ ಚೀಲ ಆ ಪ್ಲಾಸ್ಟಿಕ್ಕಿನದು. ನಮ್ಮ ತಾಯಂದಿರು ಒಲೆಯ ಹೊಗೆಯಲ್ಲಿ ಕಣ್ಣೀರು ಸುರಿಸಿ ರೊಟ್ಟಿ ಬಡಿದವರು. ಇಂದು ಹಳ್ಳಿಯ ಅಡುಗೆಮನೆಯಲ್ಲಿ ಉರಿಯುವ ಸಿಲಿಂಡರ್ ಗ್ಯಾಸಿನಲ್ಲಿ ಒಂದು ಪಾಲು, ಗೋಪುರದ ತಳದಲ್ಲಿ ಉಳಿಯುವ ದಪ್ಪ ಎಣ್ಣೆಯಿಂದ ಮುರಿದು ಬಂದದ್ದು.

ಇಷ್ಟಕ್ಕೇ ಹೂಡ್ರಿ ಅವರ ಜೀವನ ಮುಗಿದಿದ್ದರೆ ಅವರು ದೊಡ್ಡ ಎಂಜಿನಿಯರ್ ಅನಿಸಿಕೊಳ್ಳುತ್ತಿದ್ದರು. ಅವರ ಮೇಲೆ ನನಗೆ ಗೌರವ ಹೆಚ್ಚಾದದ್ದು ಕೊನೆಯ ಹನ್ನೆರಡು ವರ್ಷಗಳ ಕೆಲಸದಿಂದ. ಜಗತ್ತಿಗೆ ಹೇರಳವಾಗಿ ಪೆಟ್ರೋಲ್ ಸಿಗುವಂತೆ ಮಾಡಿದವರಿಗೆ, ಅದು ಉರಿದ ಮೇಲೆ ಬರುವ ಹೊಗೆಯ ಚಿಂತೆ ಹತ್ತಿತು. ಅಮೆರಿಕದ ನಗರಗಳಲ್ಲಿ ವಾಹನಗಳ ಹೊಗೆ ಮಂಜಿನಂತೆ ಕವಿಯತೊಡಗಿತ್ತು. ಹೆಚ್ಚುತ್ತಿದ್ದ ಶ್ವಾಸಕೋಶದ ಕ್ಯಾನ್ಸರಿಗೂ ಈ ಹೊಗೆಗೂ ನಂಟಿರಬಹುದೆಂದು ಅವರಿಗೆ ಕಳವಳವಾಯಿತು. ಆಕ್ಸಿ ಕ್ಯಾಟಲಿಸ್ಟ್ ಎಂಬ ಹೊಸ ಕಂಪನಿ ಸ್ಥಾಪಿಸಿ, ಹೊಗೆ ಕೊಳವೆಯಲ್ಲೇ ಕ್ರಿಯಾವರ್ಧಕ ಇಟ್ಟು, ಅರ್ಧ ಉರಿದ ಇಂಧನವನ್ನೂ ವಿಷಾನಿಲವನ್ನೂ ಅಲ್ಲೇ ಪೂರ್ತಿ ಉರಿಸಿಬಿಡುವ ಸಾಧನ ಮಾಡಿದರು. 1956ರಲ್ಲಿ ಪೇಟೆಂಟ್ ಸಿಕ್ಕಿತು.

ಆದರೆ ಅದು ಕಾರುಗಳಿಗೆ ಹತ್ತಲಿಲ್ಲ. ನಾಕಿಂಗ್ ತಡೆಯಲೆಂದು ಆಗ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಆ ಸೀಸ ಕ್ರಿಯಾವರ್ಧಕದ ಮೇಲೆ ಕೂತು ಅದನ್ನು ಕೊಂದುಬಿಡುತ್ತಿತ್ತು. ಕೋಕನ್ನು ಸುಡಬಹುದು, ಸೀಸವನ್ನು ಸುಡಲಾಗದು. ಸೀಸ ತೆಗೆಯಲು ಯಾರೂ ಸಿದ್ಧರಿರಲಿಲ್ಲ. 1962ರ ಜುಲೈ 18ರಂದು, ತನ್ನ ಕೊನೆಯ ಕನಸು ಮೂಲೆಗುಂಪಾಗಿರುವಾಗಲೇ, ಹೂಡ್ರಿ ತಮ್ಮ 70ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರು ಹೋಗಿ ಹದಿಮೂರು ವರ್ಷದ ಮೇಲೆ, 1975ರ ಮಾದರಿಯ ಕಾರುಗಳಿಂದ ಅಮೆರಿಕದಲ್ಲಿ ಇಂಥ ಸಾಧನ ಬಂತು. ನಮ್ಮಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಕಡ್ಡಾಯವಾಯಿತು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲ್ ಬಂತು. ಇಂದು ಹಾವೇರಿಯಿಂದ ಮೋಟೆಬೆನ್ನೂರು ದಾಟಿ ರಾಣೇಬೆನ್ನೂರಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ನಿಂತರೆ, ಹಾದುಹೋಗುವ ಪೆಟ್ರೋಲ್ ಕಾರುಗಳ ಹೊಟ್ಟೆಯ ಕೆಳಗೆ ಆ ಸಾಧನದ ಮರಿಮೊಮ್ಮಕ್ಕಳು ಕೂತಿವೆ. ಟ್ಯಾಂಕಿನೊಳಗಿನ ಪೆಟ್ರೋಲಿನಲ್ಲೂ ಅವರು, ಹೊಗೆ ಕೊಳವೆಯಲ್ಲೂ ಅವರು.

ಈಗ ಆ ಹುಡುಗನಿಗೆ ಉತ್ತರ. ತಮ್ಮಾ, ನಿನ್ನ ಲೆಕ್ಕ ಸರಿಯಾಗಿತ್ತು. ಅಷ್ಟೊಂದು ಕಪ್ಪು ಎಣ್ಣೆಯನ್ನು ಕೊಳ್ಳುವವರು ಸಾಲುವುದಿಲ್ಲ. ಒಂದಿಷ್ಟು ಕುಲುಮೆಗೆ, ಹಡಗಿಗೆ, ರಸ್ತೆಯ ಡಾಂಬರಿಗೆ ಹೋಗುತ್ತದೆ. ಉಳಿದದ್ದರಲ್ಲಿ ಬಹಳಷ್ಟನ್ನು ಮುರಿದು ಪೆಟ್ರೋಲು, ಡೀಸೆಲು, ಗ್ಯಾಸು ಮಾಡುತ್ತಾರೆ. ನೀನು ಕೇಳಿದ ಪ್ರಶ್ನೆಯನ್ನೇ ಕೇಳಿಕೊಂಡು ಒಬ್ಬ ಮನುಷ್ಯ ತನ್ನ ಗಳಿಕೆಯನ್ನೂ ಆಯುಷ್ಯವನ್ನೂ ಅದಕ್ಕೆ ಕೊಟ್ಟ. ಅಂದು ತಪ್ಪಿದ್ದು ನಾನು. ಗೊತ್ತಿಲ್ಲ, ನಾಳೆ ಓದಿ ಬಂದು ಹೇಳುತ್ತೇನೆ ಎಂದಿದ್ದರೆ ಸಾಕಿತ್ತು. ಆ ನಾಳೆ ಬರಲು ಇಷ್ಟು ವರ್ಷ ಬೇಕಾಯಿತು.

ಇಂದು ನಮ್ಮ ಶಾಲೆಯಲ್ಲಿ ಪಾಠ ಮಾಡುತ್ತಿರುವ ಕಿರಿಯ ಶಿಕ್ಷಕ ಮಿತ್ರರಲ್ಲಿ ನನ್ನ ವಿನಂತಿ ಒಂದೇ. ಪಠ್ಯದಲ್ಲಿಲ್ಲದ ಪ್ರಶ್ನೆಯನ್ನು ಮಗು ಕೇಳಿದಾಗ ಅದನ್ನು ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅನುತ್ತೀರ್ಣನಾದ ಮಗುವಿನ ಮನೆಗೆ ಒಮ್ಮೆ ಹೋಗಿ ಬನ್ನಿ. ನಾನು ಹೋಗಲಿಲ್ಲ.

ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಅವನು ಎಲ್ಲಿದ್ದಾನೆಂದು ಬ್ಯಾಡಗಿಯ ಲಾರಿ ಚಾಲಕರನ್ನು ಕೇಳಿಸಿದ್ದೇನೆ, ಸುಳಿವು ಸಿಕ್ಕಿಲ್ಲ. ಈ ಸಂಚಿಕೆ ಯಾರ ಮೂಲಕವಾದರೂ ಅವನ ಕೈ ಸೇರಿದರೆ, ಸುವರ್ಣ ಮಹೋತ್ಸವದ ದಿನ ಅವನು ಬರಬೇಕು. ಹಳೆಯ ವಿದ್ಯಾರ್ಥಿಗಳ ಸಾಲಿನಲ್ಲಿ ಕೂರಬೇಕು. ಮುಂದಿನ ಪ್ರಶ್ನೆ ಇದ್ದರೆ ಕೇಳಬೇಕು.